ಷಡ್ಡಕರ ತುಂಬಿದ ಉಗ್ರಾಣ

ನನ್ನ ಷಡ್ಡಕರು ಈವರೆಗೆ ಎಷ್ಟು ಜನರನ್ನು ಕೊಂದಿದ್ದಾರೆಂದು ಕೇಳಿದರೆ ಅವರೇ ಹೇಳಲಾರರು. ಸತ್ತವರ ಅಂಗಿ, ಟೋಪಿ, ಬೂಟುಗಳು ಮಾತ್ರ ರಾಶಿರಾಶಿಯಾಗಿ ಅವರ ಬಳಿ ಇವೆ. ಪೊಲೀಸರಿಗೆ ತಿಳಿಸುವ ಅಗತ್ಯವಿಲ್ಲ. ಕೊಲೆಗಳೆಲ್ಲ ನಡೆಯುವುದು ತಿ. ನರಸೀಪುರದ ಅವರ ಮನೆಯ ಪಡಸಾಲೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ, ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಬಿಡುವಿನಲ್ಲಿ.

ಆಟದ ಕ್ರಮ ಇಷ್ಟೇ. ವೈರಿಗೆ ಗುಂಡು ಹೊಡೆಯಬೇಕು, ಅವನು ಬಿದ್ದಲ್ಲಿ ಬಂದೂಕೋ ಕವಚವೋ ಉದುರುತ್ತದೆ, ಅದನ್ನು ಎತ್ತಿ ಉಗ್ರಾಣದಲ್ಲಿಡಬೇಕು. ಉಗ್ರಾಣಕ್ಕೆ ಮಿತಿಯುಂಟು. ತುಂಬಿದ ಮೇಲೆ ಹೊಸದು ಬೇಕಾದರೆ ಹಳೆಯದೊಂದನ್ನು ಒಡೆದುಹಾಕಬೇಕು. ಪ್ರತಿ ವಸ್ತುವಿನ ಮೇಲೂ ಅದರ ಬಲದ ಅಂಕಿ ಇರುತ್ತದೆ. ಹೆಚ್ಚಿನದನ್ನು ಇಟ್ಟುಕೊಂಡು ಕಡಿಮೆಯದನ್ನು ಒಡೆಯುವುದು ಲೋಕರೂಢಿ. ಆದರೆ ನನ್ನ ಷಡ್ಡಕರು ಜೀವಮಾನವೆಲ್ಲ ದರ್ಜಿಯಾಗಿದ್ದವರು. ಅವರು ಅಂಕಿ ನೋಡುವುದಿಲ್ಲ, ಹೊಲಿಗೆ ನೋಡುತ್ತಾರೆ.

"ಈ ಕವಚದ ಕಂಕುಳು ನೋಡಿ ಅಣ್ಣ. ಇದ್ ತೊಟ್ಕಂಡು ಕೈ ಎತ್ತಕ್ಕಾದದಾ? ಯಾವನೋ ಕಲಿಯೋನು ಹೊಲ್ದವ್ನೆ."

"ಗುಂಡು ತಡೆಯುತ್ತದಂತಲ್ಲ?"

"ಗುಂಡು ತಡೀತದೆ. ಬೆವರು?"



ಒಂದು ಬೆಳಿಗ್ಗೆ ನಂಜನಗೂಡಿನ ನಮ್ಮ ಮನೆಗೆ ನಾದಿನಿಯ ಫೋನು ಬಂತು. "ಭಾವ, ಇವರಿಗೆ ತಲೆ ಕೆಟ್ಟದೆ. ಚಿನ್ನದಂಥ ಕವಚಗಳನ್ನ ಇಟ್ಕಂಡು, ಗೋಣಿಚೀಲದಂಥದೊಂದ ತೊಟ್ಟು ದಿನಾ ಸಾಯ್ತಾರೆ. ಬಂದು ಒಂದು ಮಾತು ಹೇಳಿ." ಅವರ ನೆಂಟರಿಷ್ಟರೂ ಇದನ್ನೇ ಹೇಳುತ್ತಿದ್ದಾರಂತೆ. ಹತ್ತು ಜನ ಹೇಳಿದರೆಂದು ಒಪ್ಪುವವನಲ್ಲ ನಾನು. ತಲಕಾಡಿನ ಮರಳಿಗೆ ಶಾಪವೇ ಕಾರಣವೆಂದು ಎಲ್ಲರೂ ಹೇಳಿದಾಗ, ಬುತ್ತಿ ಕಟ್ಟಿಕೊಂಡು ಹೋಗಿ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಬಂದವನು. ಬಸ್ಸು ಹತ್ತಿದೆ.

ನಾನು ಹೋದಾಗ ಪಡಸಾಲೆಯಲ್ಲಿ ಗಂಡಾಂತರ ಒದಗಿತ್ತು. ಷಡ್ಡಕರ ತಂಡ ಅಂದು ದೊಡ್ಡ ರಾಕ್ಷಸನೊಬ್ಬನನ್ನು ಕೆಡವಿತ್ತು, ಅವರ ಪಾಲಿಗೆ ಅಪರೂಪದ ಹೊಂಬಣ್ಣದ ಕವಚ ಬಂದಿತ್ತು. ಉಗ್ರಾಣ ತುಂಬಿತ್ತು. ಮಧ್ಯಾಹ್ನದೊಳಗೆ ಏನಾದರೊಂದನ್ನು ಒಡೆದು ಜಾಗ ಮಾಡದಿದ್ದರೆ ಕವಚ ಮಾಯವಾಗುತ್ತದೆ. ಮತ್ತೆ ಸಿಗುವುದಿಲ್ಲ. ಸ್ಪೀಕರಿನಿಂದ ಮುಖ ಕಾಣದ ಜತೆಗಾರನೊಬ್ಬ ಗೋಗರೆಯುತ್ತಿದ್ದ: "ಅಂಕಲ್, ಆ ಗೋಣಿಚೀಲ ಒಡೀರಿ ಅಂಕಲ್."

ಅಂಕಿ ಹೆಚ್ಚಿದ್ದರೆ ಕವಚ ಗಟ್ಟಿಯೆಂಬ ಮಾತನ್ನಾದರೂ ನಾನೇಕೆ ಸುಮ್ಮನೆ ನಂಬಲಿ? ಷಡ್ಡಕರಿಗೆ ಮೊದಲು ಬೇರೊಂದು ಕವಚ ತೊಡಿಸಿ ಕಳಿಸಿದೆ. ಶತ್ರುಗಳ ಕೋಟೆಯನ್ನು ಒಂದು ಸುತ್ತು ಹಾಕಿ ಬಂದರು. ಗೋಣಿಚೀಲ ತೊಡಿಸಿ ಕಳಿಸಿದೆ. ಹೊಸಿಲು ದಾಟುವ ಮೊದಲೇ ಸತ್ತರು. ಇನ್ನೊಮ್ಮೆ ಕಳಿಸಿದೆ, ಇನ್ನೊಮ್ಮೆ ಸತ್ತರು. ಹತ್ತು ಜನ ಹೇಳಿದ್ದೇ ಸರಿಯಾಗಿತ್ತು. ನನಗೆ ತುಂಬ ಬೇಸರವಾಯಿತು.

"ಇದರ ಹೊಲಿಗೆಯೂ ಸೊಟ್ಟ," ಎಂದೆ. "ಅಂಕಿ ಬೇಡ, ನಿಮ್ಮ ದರ್ಜಿ ಲೆಕ್ಕದಲ್ಲೇ ಮೊದಲು ಹೋಗಬೇಕಾದದ್ದು ಇದು. ಒಡೆಯಿರಿ."

ಅವರು ಮೌಸಿನ ಮೇಲೆ ಬೆರಳಿಟ್ಟರು. ಒತ್ತಲಿಲ್ಲ.

"ಒತ್ತೀ ಅಂದ್ರೆ," ನಾದಿನಿ ಒಳಗಿನಿಂದ ಕೂಗಿದರು. "ಅದೇನ್ ನಿಮ್ಮ ಮದುವೆ ಕೋಟಾ?"

"ಕಾಜದವ್ನು ಕೊಟ್ಟಿದ್ದು ಕಣೇ," ಎಂದರು ಷಡ್ಡಕರು.

ನಾದಿನಿ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದರು.

ಕಾಜದವರನ್ನು ನಾನೂ ಬಲ್ಲೆ. ಬಿಳಿಗೆರೆಯಿಂದ ಬಂದು ಇವರ ಅಂಗಡಿಯಲ್ಲಿ ಗುಂಡಿಯ ಕಾಜ ಹೊಲಿಯುತ್ತಿದ್ದವರು. ರೆಡಿಮೇಡು ಬಂದು ಕೈಗೆ ಕೆಲಸವಿಲ್ಲದಾದಾಗ ಇಬ್ಬರೂ ಕೂಡಿ ಈ ಆಟ ಕಲಿತರಂತೆ. ಅಂಗಡಿ ಮುಚ್ಚಿದ ಮೇಲೂ ಅವರು ಅಲ್ಲಿಂದ, ಇವರು ಇಲ್ಲಿಂದ ದಿನವೂ ಕೂಡಿ ಆಡುತ್ತಿದ್ದರು. ಹೋದ ಮಾಘದಲ್ಲಿ ಎದೆನೋವೆಂದು ಕುಳಿತವರು ಏಳಲಿಲ್ಲ.

"ಅವ್ನು ಮೊದಲ್ನೇ ಸಲ ಗೆದ್ದಿದ್ದು ಇದು ಅಣ್ಣ. ತಾನು ಇಟ್ಕಳ್ದೆ ನಂಗ್ ಕೊಟ್ಟ. 'ಇದೇನ್ಲಾ ರಾಗಿಚೀಲ' ಅಂದು ಒಳಗಾಕ್ಬುಟ್ಟೆ. ದಿನಾ ಕೇಳವ್ನು, 'ಮಾಸ್ಟ್ರೇ, ಹಾಕ್ಕಂಡ್ರಾ?' ನಾಳೆ ಹಾಕ್ಕತೀನಿ ಕಣ್ಲಾ ಅಂತಿದ್ದೆ. ಜೊತೆ ಆಡೋರು ನೋಡಿ ನಗ್ತಾರೆ ಅಂತ." ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಯಾರ್ ನಗೋರು ಹೇಳಿ. ಆ ಜನರ ಮುಖಾನೇ ನಾನ್ ಕಂಡಿಲ್ಲ."

ನಾನು ಮೌಸಿನ ಮೇಲಿದ್ದ ಅವರ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟೆ. ಬೇರೇನಾದರೂ ಒಡೆಯಬಹುದಿತ್ತು, ಹುಡುಕುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಹೊತ್ತು ಮೀರಿತು. ಹೊಂಬಣ್ಣದ ಕವಚ ಕಣ್ಣೆದುರೇ ಕರಗಿತು. "ಹೋಯ್ತು ಅಂಕಲ್," ಎಂದಿತು ಸ್ಪೀಕರು. ನಾದಿನಿ ಕಾಫಿ ತಂದಿಟ್ಟರು.

ಷಡ್ಡಕರು ಮತ್ತೆ ಆ ಸೊಟ್ಟ ಹೊಲಿಗೆಯ ಕವಚ ತೊಟ್ಟು ಹೊರಟರು. ಬಾಗಿಲಲ್ಲೇ ಗುಂಡು ತಗಲಿ ಬಿದ್ದರು. ಆ ಲೋಕದಲ್ಲಿ ಬಿದ್ದವರು ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಎದ್ದು ಬರುತ್ತಾರೆ, ಅವರೂ ಎದ್ದರು. ಪರದೆಯ ಮೂಲೆಯಲ್ಲಿ ಜತೆಗಾರರ ಹೆಸರುಗಳಿದ್ದವು. ಆಡುತ್ತಿರುವವರ ಮುಂದೆ ಹಸಿರು ಚುಕ್ಕೆ. ಕಾಜದವರ ಹೆಸರಿನ ಮುಂದೆ ಬೂದು ಚುಕ್ಕೆ.

ಅದರ ಕಡೆ ತಿರುಗಿ ಷಡ್ಡಕರು, ನನಗೆ ಕೇಳಿಸದಿರಲೆಂಬಂತೆ, ಮೆಲ್ಲಗೆ ಹೇಳಿದರು:

"ಹಾಕ್ಕಂಡಿದೀನಿ ಕಣ್ಲಾ."