ಗುಳಿಗಿಗೂ ಪಾಳಿ

ಯಾದಗಿರಿಯೊಳಗ ನನ್ನ ನೌಕರಿ ಏನಂದ್ರ, ತರಬೇತಿಗೆ ಬಂದ ಸಂಶೋಧಕರನ್ನ ಜೀಪಿನ್ಯಾಗ ಹಾಕ್ಕೊಂಡು ಹೋಗಿ ಹಳ್ಳಿ ತೋರಸೂದು. ಈ ನೌಕರ್ಯಾಗ ನಗಿ ಬರೂವಂಥಾವು ದಿನಾ ಆಗತಾವ. ನಗಬೇಕೋ ಹಣಿ ಬಡಕೋಬೇಕೋ ಅನ್ನೂದು ಮನಿಗೆ ಬಂದು ಚಾ ಕುಡದ ಮ್ಯಾಲ ತಿಳೀತದ.

ತರಬೇತಿ ಅಂದ್ರ ಹೊಸಾ ಔಷಧ ಹುಡುಕೂದಲ್ಲ. ಬಿಪಿಗೆ ಗುಳಿಗಿ ಅದ, ದಿನಾ ನುಂಗಿದ್ರ ಲಕ್ವಾದ ಭಯ ಕಮ್ಮಿ, ಉಪ್ಪು ಇಳಸಬೇಕು, ಇವೆಲ್ಲಾ ಎಂದೋ ಸಾಬೀತಾದ ಮಾತು. ಸಾಬೀತಾದದ್ದು ಮಂದಿ ಮನಿಗೆ ಯಾಕ ಮುಟ್ಟವಲ್ದು, ಹೆಂಗ ಮುಟ್ಟಸಬೇಕು, ಅದನ್ನ ಸಂಶೋಧಕರಿಗೆ ಕಲಸೂ ತರಬೇತಿ. ಕೇಳಾಕ ಎಷ್ಟು ಛಲೋ ಅದ ನೋಡ್ರಿ! ನನಗೂ ಛಲೋ ಅನಸಿತ್ತು. ಕೆಂಭಾವಿ ಆಚೆ, ಕೆನಾಲಿನ ಕೊನಿಗಿರೂ ಹಳ್ಳ್ಯಾಗ ನಮ್ಮ ಅಕ್ಕ ಇರ್ತಾಳ. ಆಕಿಗೆ ಬಿಪಿ. ನಮ್ಮವ್ವ ಲಕ್ವಾ ಹೊಡದೇ ಸತ್ತಾಳ. ಅಕ್ಕಂದೂ ಹಂಗ ಆಗಬಾರದು ಅಂತ ನಾನೇ ಹಟಾ ಹಿಡದು ಆ ಹಳ್ಳೀನ ತರಬೇತಿಗೆ ಸೇರಸಿದೆ.

ಉಪ್ಪು

ಮೊದಲನೇ ದಿನ ಉಪ್ಪಿನ ಮ್ಯಾಲ ಪಾಠ. ಕಲಸಾಕ ಬೆಂಗಳೂರಿನಿಂದ ಬಂದ ದೊಡ್ಡ ಡಾಕ್ಟರು ಊಟದ ಹೊತ್ತು ಮೀರೂತನಾ ಉಪ್ಪಿಗೆ ಬೈದ್ರು. ನಮ್ಮ ಅಡಗಿ ಕಾಕಾ ಬಾಗಲದಾಗ ನಿಂತು ಕೇಳಿದ, ಮನಸ್ಸಿಗೆ ಹಚಗೊಂಡ. ಮರುದಿನ ಪುಂಡಿಪಲ್ಯಕ್ಕೂ ಬ್ಯಾಳಿಗೂ ಅರ್ಧ ಉಪ್ಪು.

ಮೊದಲ ತುತ್ತಿಗೇ ಪಂಕ್ತಿ ತಣ್ಣಗಾತು. ಒಬ್ಬರು ಉಪ್ಪು ಕೇಳಿದ್ರು, ಆಮ್ಯಾಗ ಎಲ್ಲಾರೂ ಕೇಳಿದ್ರು. ದೊಡ್ಡ ಡಾಕ್ಟರು ಕಾಕಾನ್ನ ಕರದು, "ಏನಯ್ಯಾ, ಅಡುಗೆ ಇಷ್ಟು ಸಪ್ಪಗೆ ಯಾಕೆ?" ಅಂದ್ರು.

"ನೀವೇ ಹೇಳಿದ್ರೆಲ್ರಿ ಸಾಹೇಬ್ರ, ಉಪ್ಪು ಕಮ್ಮಿ ಮಾಡ್ರಿ ಅಂತ."

"ಅಯ್ಯೋ, ಅದು ಹಳ್ಳಿ ಜನಕ್ಕೆ ಕಣಯ್ಯಾ!"

ಕಾಕಾ ಉಪ್ಪಿನ ಡಬ್ಬಿ ತಂದು ನಡು ಪಂಕ್ತ್ಯಾಗ ಇಟ್ಟು, "ನಾನೂ ಹಳ್ಳ್ಯಾಂವನ್ರಿ, ಅದಕ್ಕ ತಪ್ಪು ತಿಳಕೊಂಡೆ" ಅಂದ.

ನೀರು ಬಂದ ದಿನ

ಅಕ್ಕನ ಊರಾಗ ಬಿಪಿ ನೋಡೂ ಶಿಬಿರ. ಹಿಂದಿನ ದಿನಾನೇ ನಾ ಹೇಳಿದ್ದೆ: "ಸಾಹೇಬ್ರ, ಕೆನಾಲಿನ ನೀರು ನಾಳೆ ಆ ಊರಿಗೆ ಬರ್ತದ. ಪಾಳಿ ತಪ್ಪಿದ್ರ ಭತ್ತ ಒಣಗತದ. ಒಬ್ಬರೂ ಬರೂದಿಲ್ಲ." ಕೇಳಬೇಕಲ್ಲ! ದಿನ ಬದಲ ಮಾಡಾಕ ಬರೂದಿಲ್ಲ ಅಂದ್ರು.

ಸಾಲಿ ಮುಂದ ಶಾಮಿಯಾನ ಹಾಕಿ ಕುಂತ್ವಿ. ಅಕ್ಕ ನನ್ನ ಮಾರಿ ನೋಡಿ ಬಂದ್ಲು, ಬಿಪಿ ನೋಡಿಸ್ಕೊಂಡ್ಲು, ಗುಳಿಗಿ ತಗೊಂಡ್ಲು. ಆಕೀನ ಬಿಟ್ರ ಬಂದದ್ದು ಒಂದು ನಾಯಿ. ಕಡೀಕ ಸಂಶೋಧಕರೇ ಮಷೀನು ಹಿಡಕೊಂಡು ಹೊಲಕ್ಕ ನಡದ್ರು.

ಅಲ್ಲಿ ತೂಬಿನ ಹತ್ರ ಇಬ್ಬರು ಸಲಿಕಿ ಎತ್ತಿ ಜಗಳಾ ಆಡಾಕತ್ತಿದ್ರು. ಒಬ್ಬಾಂವ ನಮ್ಮ ಅಕ್ಕನ ಗಂಡ, ಮಾವ. ಒಬ್ಬ ಸಂಶೋಧಕ ಹೆಂಗೋ ಮಾಡಿ ಅವನ ರಟ್ಟಿಗೆ ಪಟ್ಟಿ ಸುತ್ತಿದ. ಬಿಪಿ ಆಕಾಶಕ್ಕ ಹೋಗಿತ್ತು.

"ಯಜಮಾನ್ರೇ, ಸಿಟ್ಟು ಬಿಟ್ಟು ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಮಾವ ಅವನ ಮ್ಯಾಲೇ ಹೊಳ್ಳಿದ. "ನಾ ಕುಂತ್ರ ನೀರು ಅಂವನ ಹೊಲಕ್ಕ ಹೋಗ್ತದ! ಮದಲ ಅಂವನ್ನ ಕುಂದ್ರಸ್ರಿ!"

ಸಿಟ್ಟಿನಾಗ ಏರಿದ ಬಿಪಿ ಲೆಕ್ಕಕ್ಕ ಬರೂದಿಲ್ಲ ಅಂತ ಮಾವಗ ಗುಳಿಗಿ ಕೊಡಲಿಲ್ಲ. ಮಾವ ಸಮಾಧಾನ ಇದ್ದದ್ದು ನಾ ಅಂತೂ ಇನ್ನೂ ನೋಡಿಲ್ಲ.

ಹಂಚಿಕಿ

ಮುಂದಿನ ಸಲ ಹೋದಾಗ ಅಕ್ಕನ ಗುಳಿಗಿ ಖಾಲಿ, ಬಿಪಿ ಮಾತ್ರ ಇದ್ದಲ್ಲೇ ಇತ್ತು. ಚಶ್ಮಾ ಹಾಕಿದ ಸಂಶೋಧಕಿ ಒಬ್ಬಾಕಿ, "ಅಮ್ಮಾ, ದಿನಾ ನುಂಗಿದ್ರಾ?" ಅಂತ ಕೇಳಿದ್ಲು.

"ನುಂಗೀವ್ರಿ. ಒಂದಿನ ನಾನು, ಒಂದಿನ ನಮ್ಮ ಮನ್ಯಾವ್ರು. ಪಾಳಿ ಹಚ್ಚೀವಿ. ಅವ್ರಿಗೂ ಬಿಪಿ ಅದ, ನಾನೊಬ್ಬಾಕೀನೇ ನುಂಗಿದ್ರ ನ್ಯಾಯ ಏನ್ರಿ?"

"ಹಾಗಾದ್ರೂ ಇಷ್ಟು ಬೇಗ ಮುಗೀಬಾರದಲ್ಲ?"

ಅಕ್ಕ ಬಾಗಲದಾಗ ಕುಂತಿದ್ದ ಬಾಜು ಮನಿ ಮುದುಕಿ ಕಡೆ ನೋಡಿ, "ಈಕಿಗೂ ಬಿಪಿ ಅದ್ರಿ. ನಡುವ ಸ್ವಲ್ಪ ಸೋರತದ, ಕೆನಾಲ್ ಅಂದ ಮ್ಯಾಲ" ಅಂದ್ಲು.

ನಾ ತೆಲಿ ಹಿಡಕೊಂಡೆ. ಸಂಶೋಧಕಿಗೆ ಮಾತ್ರ ಹಬ್ಬ! "ಎಂಥ ಅದ್ಭುತ! ಸಮುದಾಯವೇ ತನ್ನದೊಂದು ಮಾದರಿ ಕಂಡುಕೊಂಡಿದೆ" ಅಂತ ಫೋಟೋ ತಗೀಲಿಕ್ಕೆ ನಿಂತ್ಲು.

"ಮಾದರಿ ಬೆಂಕಿ ಬೀಳಲಿ ಮೇಡಂ," ಅಂದೆ ನಾ. "ಇಬ್ಬರಿಗೂ ಅರ್ಧರ್ಧ ಔಷಧ, ಇಬ್ಬರಿಗೂ ಪೂರಾ ರೋಗ! ಮಾವಗೂ ಒಂದು ಪಾಕೀಟು ಕೊಡ್ರಿ, ಮುಗೀತು!"

"ಖಂಡಿತ ಕೊಡೋಣ. ಅದಕ್ಕೆ ಮುಂಚೆ ಒಂದು ಸಲ ಪಾಳಿ ಪ್ರಕಾರ ನುಂಗಿ ತೋರಿಸಲಿ, ವಿಡಿಯೋ ಬೇಕು."

ನಾವು ಹೋದ ಮ್ಯಾಲ

ಕೊನೀ ಪಾಠ ಎಲ್ಲಾಕಿಂತ ದೊಡ್ಡದು: 'ನಾವು ಹೋದ ಮೇಲೂ ಕೆಲಸ ನಡೆಯಬೇಕು.' ಪಾಠ ಮುಗೀತು, ಕೇಕ್ ಕೊಯ್ದ್ರು, ಎಲ್ಲಾರೂ ಹೋದ್ರು. ಉಳದ ಗುಳಿಗಿ ಕಪಾಟಿನಾಗ ಇಟ್ಟು ಕೀಲಿ ಹಾಕಿದ್ರು. ಅವು ತರಬೇತಿಗಂತ ಬಂದಾವಂತ, ತರಬೇತಿ ಮುಗೀತಲ್ಲಂತ!

ಅಕ್ಕನ ಊರ ಕಡೆ ಆರೋಗ್ಯ ಕೇಂದ್ರದಾಗ ಕೇಳಿದೆ. ಗುಳಿಗಿ ಮ್ಯಾಲಿನ ಊರಾಗೇ ಖಾಲಿ ಆಗತಾವ್ರಿ, ಕೊನೀತನಾ ಮುಟ್ಟೂದಿಲ್ಲ ಅಂದ್ರು. ಕಡೀಕ ನಾನೇ ಶಹಾಪುರದಾಗ ಕೊಂಡು ಕಳಸಿದೆ. ಅಕ್ಕ ಫೋನ್ ಮಾಡಿದ್ಲು. "ತಮ್ಮಾ, ಅವ್ರು ಕೊಟ್ಟಿದ್ದು ಬಿಳೀದಿತ್ತು. ಇದು ಕೆಂಪಗದ."

"ಅದೇ ಔಷಧ ಅದ ಅಕ್ಕಾ, ಕಂಪನಿ ಬ್ಯಾರೆ. ನುಂಗು."

"ನಿನಗೇನು ತಿಳೀತದ, ನೀ ಜೀಪಿನಾಂವ. ಆ ಚಶ್ಮಾದ ಹುಡುಗಿ ಎಷ್ಟು ಓದ್ಯಾಳ! ಬರ್ಲಿ, ಆಕೀನ ಕೇಳಿ ನುಂಗತೀನಿ."

ಬೈದೆ, ಕೈ ಮುಗದೆ, ಆಣಿ ಹಾಕಿದೆ. ಡಬ್ಬ್ಯಾಗಿಟ್ಟು ಕುಂತ್ಲು. ಒಂದಿನ ಮುಂಜಾನೆ ರೊಟ್ಟಿ ಬಡೀತಾ ಬಡೀತಾ ಒಂದು ಬಾಜು ವಾಲಿಬಿಟ್ಲು. ಸುರಪುರಕ್ಕ ಒಯ್ದ್ವಿ. ಜೀವ ಉಳೀತು. ಬಲಗೈ ಹೋತು, ಅರ್ಧ ಬಾಯಿ ಹೋತು. ದವಾಖಾನಿ ವರಾಂಡದಾಗ ಕುಂತು ನಾ ಸಣ್ಣ ಹುಡುಗರಂಗ ಅತ್ತೆ.

ಆಮ್ಯಾಗ ಹೊಸಾ ಬ್ಯಾಚ್ ಬಂತು. ಅವರ ವಿಷಯ: 'ಸಾಬೀತಾದ ಔಷಧ ಜನರು ಯಾಕೆ ಬಿಡುತ್ತಾರೆ?' ಅದೇ ಚಶ್ಮಾದ ಸಂಶೋಧಕಿ ಈಗ ಕಲಸೂ ಮೇಡಂ ಆಗಿ ಬಂದಿದ್ಲು. ಜೀಪು ಸೀದಾ ಅಕ್ಕನ ಮನಿ ಮುಂದ ನಿಲ್ಲಸಿದೆ. ಬೇಕಂತಲೇ ನಿಲ್ಲಸಿದೆ.

ಅಕ್ಕನ್ನ ಗ್ವಾಡಿಗೆ ಆನಿಸಿ ಕುಂದ್ರಸಿದ್ವಿ. ಹೊಸಾ ಹುಡುಗರು ಸುತ್ತಗಟ್ಟಿ ಕುಂತ್ರು. ಮೇಡಂ ಅಕ್ಕನ ಬಾಯಿ ಹತ್ರ ಮೊಬೈಲ್ ಹಿಡದು, ಭಾಳ ಮೆತ್ತಗ ಕೇಳಿದ್ಲು: "ಅಮ್ಮಾ, ಗುಳಿಗೆ ನುಂಗೋಕೆ ನಿಮಗೆ ಏನು ಅಡ್ಡಿ ಆಯ್ತು?"

ಅಕ್ಕನ ಮಾತು ತೊದಲತಾವ. ಎಲ್ಲಾರೂ ಮುಂದ ಬಾಗಿದ್ರು. ಆಕಿ ಒಂದೊಂದೇ ಮಾತು ಜಗ್ಗಿ ಜಗ್ಗಿ ತಗದ್ಲು.

"ಅಡ್ಡಿ... ಏನಿಲ್ರಿ. ನಿಮ್ಮ... ಟ್ರೇನಿಂಗ್... ಮುಗದಿತ್ತು."

ಮದಲ ನಕ್ಕಾಕಿ ಆಕೀನೇ, ಉಳದ ಅರ್ಧ ಬಾಯಿಲೇ. ಮಾವ ನಕ್ಕ, ಬಾಜು ಮನಿ ಮುದುಕಿ ನಕ್ಲು, ನಾ ಕಣ್ಣೀರು ಬರೂತನಾ ನಕ್ಕೆ. ಮೇಡಂ ಒಬ್ಬಾಕಿ ನಗಲಿಲ್ಲ. ಮೊಬೈಲ್ ತಿರುವಿ ನೋಡಿದ್ಲು, ಒತ್ತಿ ನೋಡಿದ್ಲು, ಆಮ್ಯಾಗ ಮತ್ತ ಅಕ್ಕನ ಬಾಯಿ ಹತ್ರ ಹಿಡದ್ಲು.

"ಅಮ್ಮಾ, ಇನ್ನೊಂದು ಸಲ ಹೇಳಿ, ರೆಕಾರ್ಡ್ ಆಗಲಿಲ್ಲ."