ಒರಳುಕಲ್ಲಿನ ಋಣಭಾರ

ಚಾಮರಾಜಪೇಟೆಯ ಒಂದು ಓಣಿಯಲ್ಲಿ, ಹದಿನೇಳನೇ ನಂಬರಿನ ಮನೆಯ ಹಿತ್ತಲಿನಲ್ಲಿ ಒಂದು ಒರಳುಕಲ್ಲು ಇದೆ. ಸ್ಥಳ ತನಿಖೆ, ಪಂಚರ ಹೇಳಿಕೆ ಮತ್ತು ಹನ್ನೊಂದು ಮಂದಿ ಸರ್ಕಾರಿ ನೌಕರರ ಉಪಾಹಾರದ ಮೂಲಕ ಇದು ಸಾಬೀತಾಗಿರುವುದರಿಂದ ಈ ಬಗ್ಗೆ ಇನ್ನು ಯಾರೂ ತಕರಾರು ಎತ್ತುವಂತಿಲ್ಲ.

ಆ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬಾಡಿಗೆಗೆ ಇದ್ದವರು ಬೈರಯ್ಯ ಮತ್ತು ಅವರ ಹೆಂಡತಿ ಅಂಜಿನಮ್ಮ. ಬೈರಯ್ಯ ದಾಖಲೆ ಶಾಖೆಯ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮೂವತ್ತಾರು ವರ್ಷದ ಸೇವೆಯಲ್ಲಿ ಒಂದೇ ಒಂದು ಕಡತವನ್ನೂ ಕಳೆದವರಲ್ಲ. ಕೆಲವನ್ನು ಯಾರ ಕೈಗೂ ಸಿಗದ ಹಾಗೆ ಇಟ್ಟಿದ್ದರು, ಅದು ಬೇರೆ ಮಾತು. ಅಂಜಿನಮ್ಮನಿಗೆ ಇದ್ದ ಆಸೆ ಒಂದೇ: ಗೋಡೆಗೆ ಒಂದು ಮೊಳೆ ಹೊಡೆಯಬೇಕು. ಬಾಡಿಗೆ ಕರಾರಿನ ಆರನೇ ಷರತ್ತು "ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ" ಎನ್ನುತ್ತಿತ್ತು. ಓಣಿಯ ಉಳಿದ ಬಾಡಿಗೆದಾರರೆಲ್ಲ ಇದೇ ಷರತ್ತಿಗೆ ಸಹಿ ಹಾಕಿ ಅದೇ ಸಂಜೆ ಮೊಳೆ ಹೊಡೆದಿದ್ದರು. ಬೈರಯ್ಯ ಹೊಡೆಯಲಿಲ್ಲ, ಹೊಡೆಯಲು ಬಿಡಲೂ ಇಲ್ಲ. ಹೀಗಾಗಿ ಇಪ್ಪತ್ತೆಂಟು ವರ್ಷ ಬುದ್ಧನ ಪಟ ಟ್ರಂಕಿನ ಮೇಲೆ, ಮದುವೆಯ ಫೋಟೊ ಅಕ್ಕಿ ಡಬ್ಬದ ಮೇಲೆ ಗೋಡೆಗೆ ಒರಗಿ ನಿಂತಿದ್ದವು. ಕ್ಯಾಲೆಂಡರನ್ನು ಅಂಜಿನಮ್ಮ ನೆಲಕ್ಕೆ ಹಾಸಿಕೊಂಡು ನೋಡುತ್ತಿದ್ದರು.

ಹೀಗಿರುವಾಗ ಮನೆಯ ಮಾಲೀಕ ಅನಿಲ್ ಕುಮಾರ್ ಒಂದು ಭಾನುವಾರ ಬಂದು ಮನೆ ಮಾರುವುದಾಗಿ ಹೇಳಿದ.

"ಬಿಲ್ಡರ್ ಒಬ್ರು ಹಿಂದೆ ಬಿದ್ದಿದಾರೆ ಅಂಕಲ್. ಕೆಡವಿ ಐದು ಫ್ಲೋರ್ ಎಬ್ಬಿಸ್ತಾರಂತೆ. ಆದ್ರೂ ಮೊದಲು ನಿಮ್ಗೇ ಕೇಳ್ಬೇಕು ಅನ್ನಿಸ್ತು. ತೊಂಬತ್ತು ದಿನ ಕಾಯ್ತೀನಿ, ಅಷ್ಟರಲ್ಲಿ ರಿಜಿಸ್ಟರ್ ಆಗ್ಬೇಕು."

ಬೈರಯ್ಯ ನಿವೃತ್ತಿಯಲ್ಲಿ ಬಂದಿದ್ದನ್ನೆಲ್ಲ ಇದಕ್ಕೇ ಎತ್ತಿಟ್ಟಿದ್ದರು. ಕ್ರಯದ ಕರಾರಿಗೆ ಅಂದೇ ಸಹಿ ಬಿತ್ತು. ಅಂಜಿನಮ್ಮ ಮಾರುಕಟ್ಟೆಗೆ ಹೋಗಿ ಮೂರಿಂಚಿನ ಒಂದು ಮೊಳೆ ತಂದು ಸಾಸಿವೆ ಡಬ್ಬದಲ್ಲಿ ಇಟ್ಟರು. ಒಗ್ಗರಣೆಗೆ ಡಬ್ಬ ತೆರೆದಾಗಲೆಲ್ಲ ಅದನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದರು.

ಕಾಗದಪತ್ರ ನೋಡಲು ಶಿವರಂಜಿನಿ ಎಂಬ ವಕೀಲೆಯನ್ನು ಗೊತ್ತುಮಾಡಲಾಯಿತು. ಚುರುಕಿನ ಹುಡುಗಿ. ಹತ್ತೇ ದಿನದಲ್ಲಿ ಖಾತೆ, ಕಂದಾಯ ರಸೀದಿ, ಮೂಲಪತ್ರ, ಜೊತೆಗೆ ಜನ ಇಸಿ ಎಂದು ಕರೆಯುವ ಋಣಭಾರ ಪ್ರಮಾಣಪತ್ರ, ಎಲ್ಲವನ್ನೂ ತಂದು ಮುಂದಿಟ್ಟಳು. ಮನೆಯ ಮೇಲೆ ಸಾಲವಿಲ್ಲ, ಅಡಮಾನವಿಲ್ಲ, ವ್ಯಾಜ್ಯವಿಲ್ಲ.

"ಮೂವತ್ತು ವರ್ಷದ್ದು ಕ್ಲೀನ್ ಆಗಿದೆ ಸಾರ್. ನಾಳೆನೇ ರಿಜಿಸ್ಟರ್ ಮಾಡಿಸ್ಬಹುದು."

"ಅದಕ್ಕೂ ಹಿಂದಿಂದು?"

"ಎಲ್ರೂ ಮೂವತ್ತೇ ನೋಡೋದು ಸಾರ್."

"ನೋಡಮ್ಮ, ಅದ್ರಲ್ಲಿ ಇಪ್ಪತ್ತೆಂಟು ವರ್ಷ ನಾನೇ ಇಲ್ಲಿ ಕೂತಿದೀನಿ. ನಾನು ಕಣ್ಣಾರೆ ನೋಡಿದ್ದಕ್ಕೆ ಇಸಿ ಯಾಕೆ? ನಾನು ನೋಡದೇ ಇರೋದನ್ನ ತಗೊಂಡ್ ಬಾ."

ಅಂಜಿನಮ್ಮ ಒಳಗಿನಿಂದ, "ಏನ್ರೀ, ಆ ಹುಡುಗಿ ಸಾಕು ಅಂತಿದ್ರೆ ನಿಮ್ಗೇನು?" ಎಂದರು. ಬೈರಯ್ಯ ಇದನ್ನು ಆಕ್ಷೇಪಣೆಯೆಂದು ಪರಿಗಣಿಸಲಿಲ್ಲ, ಏಕೆಂದರೆ ಅದು ಲಿಖಿತದಲ್ಲಿ ಇರಲಿಲ್ಲ.

ಇಪ್ಪತ್ತಾರನೇ ದಿನ ಶಿವರಂಜಿನಿ ಜೆರಾಕ್ಸಿನ ಜೆರಾಕ್ಸ್ ಒಂದನ್ನು ಹಿಡಿದು ಬಂದಳು. ಸಾವಿರದ ಒಂಬೈನೂರ ಮೂವತ್ತೆಂಟರ ವಿಭಾಗಪತ್ರ ಅದು. ಅನಿಲ್ ಕುಮಾರನ ಮುತ್ತಾತ ಮರಿಯಣ್ಣ ಮತ್ತು ಅವರ ತಂಗಿ ಮುನಿಯಕ್ಕ ಆಸ್ತಿ ಪಾಲು ಮಾಡಿಕೊಂಡಿದ್ದರು. ಪಾಲು ಆ ಕಾಲದ ನ್ಯಾಯಕ್ಕೆ ತಕ್ಕಂತೆಯೇ ಆಗಿತ್ತು: ಮನೆ ಅಣ್ಣನಿಗೆ, ತಂಗಿಗೆ "ಹಿತ್ತಲಿನ ಒರಳುಕಲ್ಲಿನಲ್ಲಿ ದಿನಂಪ್ರತಿ ರುಬ್ಬಿಕೊಳ್ಳುವ ಹಕ್ಕು, ಆಚಂದ್ರಾರ್ಕವಾಗಿ, ಪುತ್ರ ಪೌತ್ರ ಪಾರಂಪರ್ಯವಾಗಿ."

ಅಂಜಿನಮ್ಮ ಹಿತ್ತಲಿನ ಕಡೆ ನೋಡಿದರು. ಒರಳುಕಲ್ಲಿನ ಮೇಲೆ ತುಳಸಿ ಕುಂಡ ಇತ್ತು. ಮಿಕ್ಸಿ ಬಂದ ಮೇಲೆ ಅವರೇ ಇಟ್ಟಿದ್ದು. ಚಂದ್ರ ಸೂರ್ಯ ಇಬ್ಬರೂ ಇನ್ನೂ ಇದ್ದರು.

ಇಂಥ ಸಮಸ್ಯೆಗಳ ಪರಿಹಾರಕ್ಕೆಂದೇ ಸರ್ಕಾರ ಹಳೇ ಹಕ್ಕು ಶೋಧನಾ ಕೋಶ ಎಂಬ ಒಂದು ಕಚೇರಿಯನ್ನು ಇಟ್ಟಿದೆ. ಅಲ್ಲಿನ ಅಧಿಕಾರಿ ಅಂಜನಪ್ಪ ಪತ್ರವನ್ನು ಎರಡು ಸಲ ಓದಿ ಮರುಗಿದರು.

"ನೀವು ಇದನ್ನ ನೋಡಬಾರ್ದಿತ್ತು ಸಾರ್. ಋಣಭಾರ ಇರೋದು ಗೊತ್ತಿಲ್ದೆ ಕೊಂಡ್ರೆ ನಮ್ಮ ನಿಯಮದಲ್ಲಿ ಅಡ್ಡಿ ಇಲ್ಲ. ಗೊತ್ತಿದ್ದು ಕೊಳ್ಳೋಕೆ ಬರಲ್ಲ."

"ಹಾಗಾದ್ರೆ ಬಿಲ್ಡರ್ ಕೊಂಡ್ರೆ?"

"ಅವ್ರಿಗೆ ಏನೂ ಗೊತ್ತಿರಲ್ವಲ್ಲ ಸಾರ್. ಆರಾಮಾಗಿ ಆಗುತ್ತೆ."

"ಮುನಿಯಕ್ಕನ ವಾರಸುದಾರರಿಂದ ಹಕ್ಕು ಬಿಡುಗಡೆ ಪತ್ರ ಬರೆಸ್ಕೊಂಡು ಬಂದ್ರೆ?"

"ಬರೆಸ್ಬಹುದು. ಆದ್ರೆ ಸುತ್ತೋಲೆ ಒಂದಿದೆ." ಅಂಜನಪ್ಪ ಹಳದಿಯಾದ ಹಾಳೆಯೊಂದನ್ನು ಮುಂದೆ ತಳ್ಳಿದರು. ಅದರಲ್ಲಿ ಹೀಗಿತ್ತು: "ಯಾವುದೇ ಹಕ್ಕನ್ನು ಬಿಟ್ಟುಕೊಡಬಯಸುವವರು ಸದರಿ ಹಕ್ಕು ತಮ್ಮ ವಾಸ್ತವ ಅನುಭವದಲ್ಲಿ ಇದೆಯೆಂಬುದನ್ನು ಸತತ ಇಪ್ಪತ್ತೊಂದು ದಿನಗಳ ಬಳಕೆಯಿಂದ ರುಜುವಾತುಪಡಿಸತಕ್ಕದ್ದು, ಏಕೆಂದರೆ ಇಲ್ಲದ್ದನ್ನು ಬಿಡಲು ಬರುವುದಿಲ್ಲ."

ಬೈರಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರ ಎದೆ ತುಂಬಿ ಬಂತು. ಇದು ಅವರದೇ ವಾಕ್ಯ. ಇಪ್ಪತ್ತೇಳು ವರ್ಷದ ಹಿಂದೆ ಎರವಲು ಸೇವೆಯ ಮೇಲೆ ಇದೇ ಕಚೇರಿಯಲ್ಲಿದ್ದಾಗ ಒಂದು ಮಧ್ಯಾಹ್ನ ಕೂತು ಬರೆದದ್ದು. ಮೇಲಿನವರು ಒಂದು ಅಲ್ಪವಿರಾಮವನ್ನೂ ಬದಲಿಸದೆ ಸಹಿ ಹಾಕಿದ್ದರು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಹೊತ್ತಿನಲ್ಲಿ ನೆನಪಾದದ್ದು ಗಾದೆಯಲ್ಲ, ಆ ವಾಕ್ಯ ಎಷ್ಟು ಗಟ್ಟಿಯಾಗಿದೆ ಎಂಬುದು.

"ಇದನ್ನ ಮೀರೋ ಹಾಗೇ ಇಲ್ಲ," ಎಂದು ಹೆಮ್ಮೆಯಿಂದ ಹೇಳಿ ಎದ್ದರು.

ಮುನಿಯಕ್ಕನ ಮೊಮ್ಮಗಳು ಸುಬ್ಬಮ್ಮ ಕೃಷ್ಣರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ ಮಾರುತ್ತಿದ್ದರು. ಎಂಬತ್ತೆರಡು ವರ್ಷ. ವಂಶವೃಕ್ಷ ಬೇಕೆಂದಾಗ ಹೂವಿನ ರಾಶಿಯ ಮುಂದೆ ಕೂತಲ್ಲಿಂದಲೇ, ಯಾರ ಮದುವೆಗೆ ಯಾರು ಮುಯ್ಯಿ ಹಾಕಲಿಲ್ಲ ಎಂಬ ಆಧಾರದ ಮೇಲೆ, ಇಪ್ಪತ್ತಮೂರು ವಾರಸುದಾರರ ಹೆಸರನ್ನು ಒಂದೇ ಉಸಿರಿನಲ್ಲಿ ಬರೆಸಿದರು.

"ಸೈನ್ ತಾನೆ? ಹಾಕ್ಕೊಡ್ತೀವಿ ಬೈರಯ್ನೋರೆ. ಆ ಕಲ್ಲು ಕಟ್ಕೊಂಡು ನಮ್ಗೇನಾಗ್ಬೇಕು?"

"ಹಾಗೆ ಹಾಕೋ ಹಾಗಿಲ್ಲಮ್ಮ. ಮೊದ್ಲು ಇಪ್ಪತ್ತೊಂದು ದಿನ ಬಂದು ರುಬ್ಬಬೇಕು."

ಸುಬ್ಬಮ್ಮ "ಅಕ್ಕಿ ನಿಮ್ದಾ, ನಮ್ದಾ?" ಎಂದಷ್ಟೇ ಕೇಳಿದರು.

ಐವತ್ತನೇ ದಿನ ತುಳಸಿ ಕುಂಡವನ್ನು ವಿಧಿವತ್ತಾಗಿ ಸ್ಥಳಾಂತರಿಸಲಾಯಿತು. ವಾರಸುದಾರರು ನೆನೆಸಿದ ಅಕ್ಕಿ, ಉದ್ದಿನಬೇಳೆಯ ಪಾತ್ರೆಗಳೊಂದಿಗೆ ಸರದಿಯಲ್ಲಿ ಬರತೊಡಗಿದರು. ಮೊದಲ ಮೂರು ದಿನ ಎಲ್ಲರ ರಟ್ಟೆಯೂ ನೋಯಿತು, ಎಲ್ಲರೂ ಬೈರಯ್ಯನವರನ್ನು ಶಪಿಸಿದರು. ನಾಲ್ಕನೇ ದಿನ ಸುಬ್ಬಮ್ಮನ ಮೊಮ್ಮಗ ವಸಂತ್ ರುಬ್ಬಿದ ಹಿಟ್ಟನ್ನು ಉಪ್ಪಾರಪೇಟೆಗೆ ಒಯ್ದ. ಅಲ್ಲಿನ ಲಾಡ್ಜುಗಳ ಎದುರು ಅವನದೊಂದು ಇಡ್ಲಿ ಗಾಡಿ ಇತ್ತು. ಹತ್ತು ಗಂಟೆವರೆಗೆ ಮಾರುತ್ತಿದ್ದ ಇಡ್ಲಿ ಅಂದು ಎಂಟಕ್ಕೇ ಖಾಲಿ. ಐದನೇ ದಿನ ಅವನು ಎರಡು ಸಲ ರುಬ್ಬಿದ. ಎರಡನೇ ವಾರದಲ್ಲಿ ಮೈಸೂರು ರಸ್ತೆಯಿಂದ, ಯಲಹಂಕದಿಂದ ವಾರಸುದಾರರು ಬಸ್ಸಿನಲ್ಲಿ ಬಂದರು. ಮೂವತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳು, ಒಬ್ಬರು ಗುಂಡು ತಿರುಗಿಸುತ್ತ ಒಬ್ಬರು ಹಿಟ್ಟು ತಳ್ಳುತ್ತ, ಹಳೇ ಜಗಳವನ್ನು ಮೊದಲಿನಿಂದ ಆಡಿ ಮುಗಿಸಿಕೊಂಡರು.

ಇಪ್ಪತ್ತೊಂದನೇ ದಿನ ಅಂಜನಪ್ಪ ಮಹಜರಿಗೆ ಬಂದರು. ಕಲ್ಲಿನ ಸುತ್ತಳತೆ ತೆಗೆದರು, ಗುಂಡನ್ನು ಎರಡು ಸುತ್ತು ತಿರುಗಿಸಿ ನೋಡಿದರು, ಹಿಟ್ಟನ್ನು ಬೆರಳಲ್ಲಿ ಮುಟ್ಟಿ "ನುಣುಪು: ತೃಪ್ತಿಕರ" ಎಂದು ಬರೆಸಿದರು.

"ನಮೂನೆ ತಗೊಂಡ್ ಹೋಗ್ಬೇಕಾಗುತ್ತೆ ಸಾರ್. ಹಸಿ ಹಿಟ್ಟು ಕಚೇರಿ ಸೇರೋ ಹೊತ್ತಿಗೆ ಹುಳಿ ಬಂದು ಸಾಕ್ಷ್ಯ ಕೆಡುತ್ತೆ. ದೋಸೆ ರೂಪದಲ್ಲಿ ಕೊಟ್ಬಿಡಿ. ನಾವು ಹನ್ನೊಂದು ಜನ ಇದೀವಿ."

"ಒಬ್ಬೊಬ್ರಿಗೆ ಎಷ್ಟು?"

"ಮೂರು ಪ್ರತಿಗಳಲ್ಲಿ ಸಲ್ಲಿಸ್ಬೇಕು ಅಂತ ನಿಯಮ. ಚಟ್ನಿನ ಅನುಬಂಧ ಅಂತ ತೋರಿಸ್ತೀನಿ."

ಮೂವತ್ತಮೂರು ದೋಸೆ ಹುಯ್ದ ಅಂಜಿನಮ್ಮ ಸಾಸಿವೆ ಡಬ್ಬದ ಮೊಳೆಯನ್ನು ಮುಟ್ಟಿ ನೋಡಿ, ಇನ್ನೇನು ಆಯಿತು ಎಂದುಕೊಂಡರು. ಹಕ್ಕು ವಾಸ್ತವ ಅನುಭವದಲ್ಲಿದೆ ಎಂದು ಕೋಶ ಅಂದೇ ಪ್ರಮಾಣೀಕರಿಸಿತು. ಬಾಕಿ ಇದ್ದದ್ದು ಬಿಡುಗಡೆ ಪತ್ರಕ್ಕೆ ಇಪ್ಪತ್ತಮೂರು ಸಹಿ ಮಾತ್ರ.

ಒಂದೂ ಬೀಳಲಿಲ್ಲ.

"ಅವತ್ತು ಕೇಳಿದ್ರೆ ಕಣ್ಮುಚ್ಚಿ ಹಾಕ್ತಿದ್ವಿ ಸಾರ್," ಎಂದ ವಸಂತ್. "ಈಗ ನೀವೇ ರುಬ್ಬಿಸಿ ರುಚಿ ಹತ್ತಿಸ್ಬಿಟ್ರಿ."

ಸುಬ್ಬಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು: "ನಮ್ಮಜ್ಜಿ ಮನೇಲಿ ಬೇರೆ ಒರಳು ಇತ್ತು ಬೈರಯ್ನೋರೆ. ಆದ್ರೂ ದಿನಾ ಇಲ್ಲಿಗೇ ಬರೋಳಂತೆ. ಹೆಣ್ಮಗಳು ಸುಮ್ಸುಮ್ನೆ ತವರಿಗೆ ಬಂದ್ರೆ ಅತ್ತಿಗೆ ಮುಖ ಊದಿಸ್ತಾಳೆ. ಹಿಟ್ಟು ರುಬ್ಬೋಕೆ ಬಂದೆ ಅಂದ್ರೆ ಯಾರೇನಂತಾರೆ? ಪತ್ರದಲ್ಲೇ ಬರೆಸ್ಕೊಂಡಿದ್ಲು. ಅಂಥದ್ದನ್ನ ನಾನು ಹೆಂಗೆ ಬರೆದು ಕೊಡ್ಲಿ?"

ಅಂಜಿನಮ್ಮ ಸುಬ್ಬಮ್ಮನ ಕೈ ಹಿಡಿದುಕೊಂಡು ಅತ್ತರು, ಸ್ವಲ್ಪ ಮುನಿಯಕ್ಕನಿಗಾಗಿ, ಸ್ವಲ್ಪ ಮೊಳೆಗಾಗಿ. ಅಂದಿಗೆ ಎಪ್ಪತ್ತನೇ ದಿನ. ಮರುದಿನ ಬಿಲ್ಡರಿನ ಕಡೆಯವನೊಬ್ಬ ಟೇಪು ಹಿಡಿದು ಬಂದು ಮನೆಯ ಅಗಲ ಅಳೆದುಕೊಂಡು ಹೋದ. ಕಾಗದ ನೋಡುತ್ತೀಯಾ ಎಂದು ಬೈರಯ್ಯ ಕೇಳಿದ್ದಕ್ಕೆ, "ನಾವು ಅದೆಲ್ಲ ನೋಡಲ್ಲ ಸಾರ್, ನೋಡಿದ್ರೆ ಕೆಲಸ ಆಗಲ್ಲ," ಎಂದ.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಂಜಿನಮ್ಮ ಬೈಯಲೂ ಇಲ್ಲ. ಅವರು ಬೈಯದೆ ಇದ್ದದ್ದು ಬೈರಯ್ಯನಿಗೆ ತಡೆಯಲಾಗಲಿಲ್ಲ. ಎಂಬತ್ತಾರನೇ ದಿನ ಕೋಶದಿಂದ ತಂದಿದ್ದ ಸುತ್ತೋಲೆಯ ಜೆರಾಕ್ಸನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಿದ್ದಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಸುತ್ತೋಲೆಯಲ್ಲಿ ಎಂಟು ಖಂಡಿಕೆಗಳಿದ್ದವು. ತಾವು ಬರೆದದ್ದು ಒಂಬತ್ತು.

ಅವರು ಚಪ್ಪಲಿ ಮೆಟ್ಟಿಕೊಂಡು ಸೀದಾ ಕೋಶಕ್ಕೆ ಹೋಗಿ ಅಂಜನಪ್ಪನ ಮೇಜಿನ ಮೇಲಿದ್ದ ಹಳದಿ ಹಾಳೆಯನ್ನು ಮಗುಚಿದರು. ಒಂಬತ್ತನೇ ಖಂಡಿಕೆ ಹಿಂಬದಿಯಲ್ಲಿತ್ತು. ಇಪ್ಪತ್ತೇಳು ವರ್ಷದಲ್ಲಿ ಹಾಳೆಯನ್ನು ಮಗುಚುವ ಸಂದರ್ಭ ಯಾರಿಗೂ ಒದಗಿರಲಿಲ್ಲ.

"ಸದರಿ ಋಣಭಾರವು ಒಬ್ಬ ಜವಾಬ್ದಾರಿಯುತ ನಿರ್ವಹಣಾಧಿಕಾರಿಯ ಅಧೀನದಲ್ಲಿ, ಹಾಜರಿ ಪುಸ್ತಕ, ಅರ್ಜಿ ನಮೂನೆ ಮತ್ತು ಗೋಡೆಯ ಮೇಲೆ ಪ್ರದರ್ಶಿಸಿದ ಪಾಳಿ ಪಟ್ಟಿ ಸಮೇತ ನಡೆಯುತ್ತಿದ್ದಲ್ಲಿ, ಅದನ್ನು ಭಾರವೆಂದು ಪರಿಗಣಿಸದೆ ಸೇವೆಯೆಂದು ಪರಿಗಣಿಸತಕ್ಕದ್ದು."

ಅಂಜನಪ್ಪ ಎದ್ದು ನಿಂತು ಓದಿದರು. "ಎಂಥಾ ಖಂಡಿಕೆ ಸಾರ್ ಇದು. ಯಾರು ಬರೆದಿದ್ದೋ ಪುಣ್ಯಾತ್ಮರು."

ಬೈರಯ್ಯ ವಿನಯದಿಂದ ಕನ್ನಡಕ ಒರೆಸಿಕೊಂಡರು.

ಎಂಬತ್ತೊಂಬತ್ತನೇ ದಿನ ಮನೆ ರಿಜಿಸ್ಟರ್ ಆಯಿತು. ಅದೇ ಹೊತ್ತಿಗೆ ಬೈರಯ್ಯ ಒರಳುಕಲ್ಲು ನಿರ್ವಹಣಾಧಿಕಾರಿಯಾಗಿ, ವೇತನರಹಿತವಾಗಿ, ಆಚಂದ್ರಾರ್ಕವಾಗಿ ನೇಮಕಗೊಂಡರು. ಮನೆಗೆ ಬಂದ ಕೂಡಲೆ ಅಂಜಿನಮ್ಮ ಸಾಸಿವೆ ಡಬ್ಬದಿಂದ ಮೊಳೆ ತೆಗೆದು, ರುಬ್ಬು ಗುಂಡಿಗೆ ಒತ್ತು ಕೊಡುತ್ತಿದ್ದ ಕಲ್ಲನ್ನೇ ಸುತ್ತಿಗೆ ಮಾಡಿಕೊಂಡು, ಹಜಾರದ ಗೋಡೆಗೆ ನಾಲ್ಕೇ ಏಟಿಗೆ ಹೊಡೆದರು. ಆ ಸದ್ದಿಗೆ ಓಣಿಯ ಜನ ಕಿಟಕಿಯಿಂದ ಇಣುಕಿ ಸಂತೋಷಪಟ್ಟರು. ಬುದ್ಧನ ಪಟವೋ ಮದುವೆಯ ಫೋಟೊವೋ ಎಂದು ಅಂಜಿನಮ್ಮ ಯೋಚಿಸುತ್ತಿರುವಾಗಲೇ ಬೈರಯ್ಯ ಪಾಳಿ ಪಟ್ಟಿಯನ್ನು ಆ ಮೊಳೆಗೆ ತೂಗುಹಾಕಿದರು. ನಿಯಮದಲ್ಲಿ ಹಾಗಿತ್ತು.

ಪಟ್ಟಿಯ ಕೆಳಗೆ ಪ್ರಕಟಣೆಯೂ ಇತ್ತು. ರುಬ್ಬುವವರು ಹದಿನೈದು ನಿಮಿಷ ಮೊದಲೇ ಹಾಜರಿರತಕ್ಕದ್ದು, ಮೆಣಸಿನಕಾಯಿ ರುಬ್ಬಿದವರು ಕಲ್ಲನ್ನು ಎರಡು ಸಲ ತೊಳೆಯತಕ್ಕದ್ದು, ಹಿಟ್ಟಿನ ವಿಚಾರದಲ್ಲಿ ಶಿಫಾರಸು ತರತಕ್ಕದ್ದಲ್ಲ. ಸ್ವಜನಪಕ್ಷಪಾತದ ಆರೋಪ ಬಾರದಿರಲೆಂದು ನಿರ್ವಹಣಾಧಿಕಾರಿಯ ಕುಟುಂಬವನ್ನು ಪಟ್ಟಿಯಿಂದ ಕೈಬಿಡಲಾಗಿತ್ತು.

ಅಂಜಿನಮ್ಮ ಪಟ್ಟಿಯನ್ನು ಪೂರ್ತಿ ಓದಿದರು. ಆಮೇಲೆ ತಮಗೂ ಒಂದು ಪಾಳಿ ಬೇಕೆಂದು ಅರ್ಜಿ ನಮೂನೆ ತುಂಬಿ ಗಂಡನ ಮೇಜಿನ ಮೇಲಿಟ್ಟರು.

ಬೈರಯ್ಯ ಕನ್ನಡಕದ ಮೇಲಿಂದ ನೋಡಿ, "ಎರಡು ಫೋಟೊ ಲಗತ್ತಿಸ್ಬೇಕಿತ್ತು," ಎಂದರು.

ಅಂಜಿನಮ್ಮ ಅಕ್ಕಿ ಡಬ್ಬದ ಮೇಲಿದ್ದ ಮದುವೆಯ ಫೋಟೊ ತಂದು ಮುಂದಿಟ್ಟರು. "ಎಷ್ಟು ಬೇಕೋ ಅಷ್ಟು ಕತ್ತರಿಸ್ಕೊಳ್ಳಿ."

ಬೈರಯ್ಯ ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ಪೇಟ ಕಟ್ಟಿಕೊಂಡ ತಾವು, ಪಕ್ಕದಲ್ಲಿ ನಗು ತಡೆದುಕೊಂಡು ನಿಂತ ಹುಡುಗಿ. ಆಮೇಲೆ ಅರ್ಜಿಯ ಅಂಚಿನಲ್ಲಿ ಹಸಿರು ಇಂಕಿನಲ್ಲಿ ಬರೆದರು: "ಮೂಲ ದಾಖಲೆಯನ್ನು ಕತ್ತರಿಸಲು ಅವಕಾಶವಿಲ್ಲ. ಇದನ್ನು ಶಾಶ್ವತವಾಗಿ ಗೋಡೆಯ ಮೇಲೆ ಪ್ರದರ್ಶಿಸತಕ್ಕದ್ದು. ಈ ಬಾಬ್ತು ಎರಡನೇ ಮೊಳೆ, ಜೊತೆಗೆ ಅರ್ಜಿದಾರರಿಗೆ ಒಂದು ಪಾಳಿ ಮಂಜೂರಾಗಿದೆ. ತುರ್ತು."

ಮೊಳೆಯ ಮಹಜರಿಗೆ ಅಂಜನಪ್ಪ ಖಾಲಿ ಟಿಫನ್ ಕ್ಯಾರಿಯರ್ ಹಿಡಿದು ಬುಧವಾರ ಬೆಳಿಗ್ಗೆ ಬಂದರು. ಸುಬ್ಬಮ್ಮ ಸೇವಂತಿಗೆ ಮಾಲೆ ತಂದು ಫೋಟೊದ ಪಕ್ಕ ಬುದ್ಧನ ಪಟಕ್ಕೆ ಹಾಕಿದರು. ಅದಕ್ಕೂ ಅಷ್ಟರಲ್ಲಿ ಮೂರನೇ ಮೊಳೆ ಮಂಜೂರಾಗಿತ್ತು. ಆರೂವರೆಗೆ ವಸಂತ್ ಎದ್ದು ಜಾಗ ಬಿಟ್ಟ. ಅಂಜಿನಮ್ಮ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ತಮ್ಮ ಸ್ವಂತ ಮನೆಯ ಹಿತ್ತಲಿನಲ್ಲಿ, ತಮ್ಮ ಸರದಿಯಲ್ಲಿ ರುಬ್ಬಿದರು.