ಬಿಟ್ಟಿ ಹಾಳೆಯ ಮೇಲೆ ನಮ್ಮನೆ ಎಮ್ಮೆ

ಬಿಟ್ಟಿ ಸಿಕ್ಕಿದ್ದನ್ನು ಬೇಡ ಎಂದ ಮೇಷ್ಟ್ರನ್ನು ನಾನು ಇದುವರೆಗೆ ಕಂಡಿಲ್ಲ. ಗೈಡು ಮಾರುವವರು ಕೊಟ್ಟ ಡೈರಿ, ಯಾವ ಗೋಡೆಗೂ ಹಿಡಿಸದ ಕ್ಯಾಲೆಂಡರು, ಒಂದು ಪುಟ ಬರೆಯುವಷ್ಟರಲ್ಲಿ ಜೇಬಿಗೆ ಶಾಯಿ ಕಾರುವ ಪೆನ್ನು, ‘ಮಾದರಿ ಪ್ರತಿ, ಮಾರಾಟಕ್ಕಲ್ಲ’ ಎಂಬ ಮೊಹರು ಬಿದ್ದ ಪುಸ್ತಕ, ಎಲ್ಲವೂ ತುಮಕೂರಿನ ನಮ್ಮ ಮನೆಯ ಅಟ್ಟದ ಮೇಲೆ ಕ್ಷೇಮವಾಗಿವೆ. ಅಟ್ಟ ಗುಡಿಸುವಾಗಲೆಲ್ಲ ನನ್ನ ಹೆಂಡತಿ ಸರೋಜ, “ಇದ್ನೆಲ್ಲ ಯಾವ ಜನ್ಮಕ್ಕೆ ಇಟ್ಕೊಂಡಿದೀರ?” ಎಂದು ಕೇಳುತ್ತಾಳೆ. “ಫ್ರೀ ಕಣೇ” ಎನ್ನುತ್ತೇನೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಹೊಳೆದಿಲ್ಲ. ಇಂಥವನಿಗೆ ಇಂಟರ್‌ನೆಟ್ಟಿನಲ್ಲೂ ಮೇಷ್ಟ್ರುಗಳಿಗೆ ಬಿಟ್ಟಿ ಸಾಮಾನು ಸಿಗುತ್ತದೆ ಎಂದು ತಿಳಿದರೆ ಸುಮ್ಮನಿರುವುದು ಹೇಗೆ?

ಅದು ಎರಡು ಸಾವಿರದ ಎಂಟನೆಯ ಇಸವಿ. ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗೆ ಎರಡು ದಿನದ ಕಂಪ್ಯೂಟರ್ ತರಬೇತಿ ಇಟ್ಟಿದ್ದರು. ಗುಬ್ಬಿಯ ನಮ್ಮ ಶಾಲೆಯಿಂದ ನನ್ನನ್ನು ಕಳಿಸಿದ್ದು ನಾನು ಕಂಪ್ಯೂಟರ್ ಬಲ್ಲವನೆಂದಲ್ಲ, ತುಮಕೂರಿನಲ್ಲೇ ಮನೆ ಇರುವುದರಿಂದ ರಜೆ ಕೇಳುವುದಿಲ್ಲವೆಂದು. ಪಾಠ ಮಾಡಲು ಬಂದಿದ್ದ ತೆಳ್ಳನೆಯ ಹುಡುಗ ಪರದೆಯ ಮೇಲೆ ಒಂದು ಬಿಳಿ ಹಾಳೆ ತೋರಿಸಿ, ಇದರ ಮೇಲೆ ಮೂವತ್ತು ಜನ ಮೂವತ್ತು ಊರಲ್ಲಿ ಕೂತು ಒಟ್ಟಿಗೇ ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಯಾರು ಏನು ಬರೆದರು, ಏನು ಅಳಿಸಿದರು ಎಂಬುದೆಲ್ಲ ಅದರಲ್ಲೇ ದಾಖಲಾಗಿರುತ್ತದೆ ಎಂದ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಕುಣಿಗಲ್ ಕಡೆಯ ಮೇಷ್ಟ್ರೊಬ್ಬರು ಎದ್ದು, “ಎಷ್ಟ್ ದಿನ ಫ್ರೀ?” ಎಂದರು. “ಯಾವಾಗ್ಲೂ ಫ್ರೀ ಸಾರ್” ಎಂದ ಹುಡುಗ. ಸಭೆಯಲ್ಲಿ ಒಂದು ನೆಮ್ಮದಿಯ ಗೊಣಗಾಟ ಎದ್ದಿತು. ಅಳಿಸಿದ್ದೂ ದಾಖಲಾಗುತ್ತದೆ ಎಂಬ ಮಾತು ಅಷ್ಟು ಹೊತ್ತಿಗೆ ನನ್ನ ಇನ್ನೊಂದು ಕಿವಿಯಿಂದ ಹೊರಗೆ ಹೋಗಿತ್ತು. ಊಟಕ್ಕೆ ಹೋಳಿಗೆ ಇದೆ ಎಂದು ಯಾರೋ ಹೇಳಿದ್ದರು.

ಶಾಲೆಗೆ ಮರಳಿದ ಮೇಲೆ ಹೆಡ್‌ಮಾಸ್ಟರು ರುದ್ರಪ್ಪನವರು ನನ್ನನ್ನು ಕರೆಸಿದರು. ಶಾಲೆಯಲ್ಲಿ ಐದು ಕಂಪ್ಯೂಟರುಗಳಿದ್ದವು. ಮೂರು ಓಡುತ್ತಿದ್ದವು, ಎರಡಕ್ಕೆ ಇಂಟರ್‌ನೆಟ್ಟು ಇತ್ತು, ಕರೆಂಟು ಇದ್ದಾಗ. “ನೋಡಿ, ಮುಂದಿನ ಶನಿವಾರ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಕಂಪ್ಯೂಟರಲ್ಲಿ ಏನಾದ್ರೂ ತೋರಿಸ್ಬೇಕು. ಉತ್ತಮ ಶಿಕ್ಷಕರ ಪಟ್ಟಿಗೆ ನಿಮ್ಮ ಹೆಸರೇ ಬರ್ದಿದೀನಿ. ಸಾಹೇಬ್ರು ಒಂದ್ಸಲ ನಿಮ್ಮ ಕೆಲಸ ನೋಡ್ಬಿಟ್ರೆ ಸೈನು ಹಾಕ್ತಾರೆ” ಎಂದರು. ನನಗೆ ಆ ಪಟ್ಟಿಯ ಆಸೆ ಇರಲಿಲ್ಲ ಎಂದು ಬರೆಯಬಹುದು. ಆದರೆ ಸರೋಜ ಇದನ್ನು ಓದುತ್ತಾಳೆ. ಶಾಲು ಹೊದಿಸಿಕೊಂಡ ಫೋಟೋ ಯಾವ ಗೋಡೆಗೆ ಹಾಕುವುದೆಂದು ಆ ಸಂಜೆಯೇ ಮನೆಯಲ್ಲಿ ಗೋಡೆಗಳನ್ನು ನೋಡುತ್ತಾ ಓಡಾಡಿದ್ದೆ.

ಇಲ್ಲಿ ನನ್ನ ನೋಟ್ಸಿನ ವಿಷಯ ಹೇಳಬೇಕು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಗುಬ್ಬಿಯ ಸುತ್ತಮುತ್ತ ನನ್ನ ನೋಟ್ಸು ಹೆಸರುವಾಸಿ. ನಾನು ಓದುತ್ತಾ ಹೋಗುತ್ತೇನೆ, ಮಕ್ಕಳು ಬರೆಯುತ್ತಾ ಹೋಗುತ್ತಾರೆ. ‘ಪೂರ್ಣವಿರಾಮ, ಹೊಸ ಪ್ಯಾರಾ’ ಎನ್ನುವುದನ್ನೂ ಸೇರಿಸಿ ಓದುತ್ತೇನೆ. ನಮ್ಮ ಮಕ್ಕಳು ಬರೆದುಕೊಳ್ಳುವುದರಲ್ಲಿ ನಿಸ್ಸೀಮರು. ಯಾವುದು ಪಾಠ, ಯಾವುದು ಹರಟೆ ಎಂದು ವಿಂಗಡಿಸುವ ತಾಪತ್ರಯಕ್ಕೆ ಹೋಗುವುದಿಲ್ಲ. ಒಮ್ಮೆ ನೋಟ್ಸು ತಿದ್ದುವಾಗ ಪ್ಲಾಸಿ ಕದನದ ಪರಿಣಾಮಗಳಲ್ಲಿ ನಾಲ್ಕನೆಯದಾಗಿ ‘ಕೊನೇ ಬೆಂಚು, ಕಿಟಕಿ ಹಾಕ್ರೋ’ ಎಂದಿತ್ತು. ಬರೆದ ಪುಸ್ತಕವನ್ನು ಯಾರೂ ರದ್ದಿಗೆ ಹಾಕುವುದಿಲ್ಲ. ಅಕ್ಕನದು ತಂಗಿಗೆ, ತಂಗಿಯದು ಚಿಕ್ಕಪ್ಪನ ಮಗಳಿಗೆ ಎಂದು ಅದು ರಟ್ಟು ಕಿತ್ತುಹೋಗುವ ತನಕ ಮನೆಯಿಂದ ಮನೆಗೆ ಹೋಗುತ್ತದೆ. ಇದು ನನಗೆ ಬಹಳ ಹೆಮ್ಮೆಯ ಸಂಗತಿಯಾಗಿತ್ತು.

ನೋಟ್ಸಿಗಿಂತ ಹೆಸರುವಾಸಿಯಾದದ್ದು ನನ್ನ ಎಮ್ಮೆ. ಬ್ರಿಟಿಷರ ಸಹಾಯಕ ಸೈನ್ಯ ಪದ್ಧತಿ ಎಂಬ ಪಾಠ ಮಕ್ಕಳಿಗೆ ತಲೆಗೆ ಹತ್ತುವುದಿಲ್ಲ. ಆಗ ನಾನು ನೋಟ್ಸು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, “ನಮ್ಮನೇಲಿ ಒಂದು ಎಮ್ಮೆ ಇತ್ತು ಕಣ್ರೋ” ಎಂದು ಶುರುಮಾಡುತ್ತೇನೆ. ಪಕ್ಕದ ಮನೆಯವನು ಬಂದು, ಕಳ್ಳರ ಕಾಟ ಜಾಸ್ತಿಯಾಗಿದೆ, ನಿಮ್ಮ ಎಮ್ಮೆ ನಾನು ಕಾಯುತ್ತೇನೆ ಎಂದ. ಹುಲ್ಲು ನಮ್ಮದು, ಹಿಂಡಿ ನಮ್ಮದು, ಕಾಯುವವನ ಊಟವೂ ನಮ್ಮದು. ಮೊದಲು ಅರ್ಧ ಹಾಲು ಅವನಿಗೆ ಹೋಯಿತು, ಆಮೇಲೆ ಪೂರಾ ಹಾಲು, ಕೊನೆಗೆ ಎಮ್ಮೆಯೂ ಅವನ ಕೊಟ್ಟಿಗೆಗೇ ಹೋಯಿತು. “ನಮ್ಮಪ್ಪ ಏನ್ ಹೇಳಿದ್ರು ಗೊತ್ತಾ? ಸದ್ಯ, ಕಳ್ಳರ ಪಾಲಾಗಲಿಲ್ಲವಲ್ಲ ಅಂದ್ರು” ಎಂದು ಮುಗಿಸಿ ಕನ್ನಡಕ ಹಾಕಿಕೊಂಡರೆ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಈ ಕಥೆ ಕೈಕೊಟ್ಟಿದ್ದಿಲ್ಲ.

ಸರಿ, ಬಿಟ್ಟಿ ಹಾಳೆಗೆ ಇದೇ ಪಾಠ ಆರಿಸಿದೆ. ಹತ್ತನೇ ತರಗತಿಯವರನ್ನು ಕರೆದು, “ನೋಡ್ರಮ್ಮ, ಎಲ್ಲರ ಹತ್ತಿರ ಇರೋ ನೋಟ್ಸು ತನ್ನಿ. ಒಂದರಲ್ಲಿ ಬಿಟ್ಟುಹೋಗಿರೋದು ಇನ್ನೊಂದರಲ್ಲಿ ಇರ್ತದೆ. ಎಲ್ಲಾ ಸೇರ್ಸಿ ಒಂದು ಚೆಂದದ ನೋಟ್ಸು ಮಾಡಿ. ಏನಾದ್ರೂ ಅನುಮಾನ ಬಂದ್ರೆ ಪಕ್ಕದಲ್ಲಿ ಬರೀರಿ, ನಾನು ಉತ್ತರ ಬರೀತೀನಿ” ಎಂದೆ. ಲತಾಮಣಿ ಎಂಬ ಹುಡುಗಿಯನ್ನು ಮುಂದಾಳು ಮಾಡಿದೆ. ಅವಳು ಗೂಳೂರಿನಿಂದ ಬಂದು ಗುಬ್ಬಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಮಾಡುವ ಜಾತಿ. ಮಕ್ಕಳು ‘ಎಲ್ಲರ ಹತ್ತಿರ ಇರೋ ನೋಟ್ಸು’ ಎಂದರೆ ಮನೆಯವರೆಲ್ಲರ ಹತ್ತಿರ ಇರುವುದು ಎಂದೇ ತಿಳಿದುಕೊಂಡರು. ಅವರ ತಪ್ಪಲ್ಲ. ಆ ಮನೆಗಳಲ್ಲಿ ನೋಟ್ಸು ಯಾವತ್ತೂ ಒಬ್ಬರದಾಗಿರಲಿಲ್ಲ.

ಬುಧವಾರ ಮಧ್ಯಾಹ್ನ ಲ್ಯಾಬಿಗೆ ಹೋಗಿ ನೋಡಿದೆ. ಹಾಳೆ ತುಂಬಿಹೋಗಿತ್ತು. ಒಂದೊಂದು ಬ್ಯಾಚಿಗೆ ಒಂದೊಂದು ಬಣ್ಣ ಕೊಟ್ಟಿದ್ದರು. ತೊಂಬತ್ತೆರಡರದು ಯಾರದೋ ಅತ್ತೆಯ ನೋಟ್ಸು, ನೀಲಿ. ಎರಡು ಸಾವಿರದ ಮೂರರದು ಯಾರದೋ ಅಕ್ಕನದು, ಹಸಿರು. ಈ ವರ್ಷದ್ದು ಕಪ್ಪು. ಒಂದರಲ್ಲಿ ಬಿಟ್ಟುಹೋದದ್ದು ಇನ್ನೊಂದರಲ್ಲಿ ಸಿಗಲಿ ಎಂದು ಹೇಳಿದ್ದೆನಲ್ಲ, ಯಾವುದರಲ್ಲೂ ಏನೂ ಬಿಟ್ಟುಹೋಗಿರಲಿಲ್ಲ. ಮೂರೂ ಬಣ್ಣದಲ್ಲಿ ಅದೇ ವಾಕ್ಯ, ಅದೇ ಪೂರ್ಣವಿರಾಮ, ಅದೇ ಎಮ್ಮೆ. ನೀಲಿಯಲ್ಲಿ ‘ಇಲ್ಲಿ ಸಾರ್ ಕನ್ನಡಕ ತೆಗೆಯುತ್ತಾರೆ’ ಎಂದು ಕಂಸದಲ್ಲಿತ್ತು. ಹಸಿರಿನಲ್ಲಿ ‘ಈಗ ನಗಬೇಕು’ ಎಂದಿತ್ತು. ಅಕ್ಕ ತಂಗಿಗೆ ಮುಂದಾಗಿಯೇ ತಿಳಿಸಿಕೊಟ್ಟಿದ್ದಳು. ಹದಿನೆಂಟು ವರ್ಷ ನನ್ನ ಮಾತಿಗೆ ನಕ್ಕಿದ್ದಾರೆ ಎಂದುಕೊಂಡಿದ್ದೆ, ಅವರು ನೋಟ್ಸಿನಂತೆ ನಡೆದುಕೊಂಡಿದ್ದರು ಅಷ್ಟೆ. ನನಗೆ ನಿಜವಾಗಿ ಅಳು ಬಂತು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸಬಹುದಿತ್ತು. ಕೊನೆಯಲ್ಲಿ ಕೆಂಪು ಬಣ್ಣದಲ್ಲಿ ಇನ್ನೊಂದಿಷ್ಟು ಇತ್ತು. ಲತಾಮಣಿಯ ಅಪ್ಪ ಕುಣಿಗಲ್ಲಿನಲ್ಲಿ ಹೈಸ್ಕೂಲು ಓದಿದವರಂತೆ. ಅವರ ಹಳೆಯ ಟ್ರಂಕಿನಿಂದ ತೆಗೆದ ನೋಟ್ಸಿನಲ್ಲಿ, ನಾನು ಮೇಷ್ಟ್ರಾಗುವುದಕ್ಕೆ ಹತ್ತು ವರ್ಷ ಮೊದಲೇ, ಎಮ್ಮೆ ಹಾಜರಿತ್ತು. ಪಕ್ಕದಲ್ಲಿ ಲತಾಮಣಿ ಬಹಳ ವಿನಯದಿಂದ ಬರೆದಿದ್ದಳು: ‘ಸಾರ್, ನಮ್ಮ ಅಪ್ಪನ ನೋಟ್ಸಿನಲ್ಲಿ ಇದು ಪುಟ್ಟಸ್ವಾಮಯ್ಯ ಮೇಷ್ಟ್ರ ಮನೆಯ ಎಮ್ಮೆ ಎಂದಿದೆ. ನಿಮ್ಮ ಮನೆಯದೂ ಅವರ ಮನೆಯದೂ ಒಂದೇ ಎಮ್ಮೆಯಾ? ಅನುಮಾನ ಇದ್ದರೆ ಬರೆಯಿರಿ ಎಂದಿದ್ದಿರಿ.’

ಈಗ ಒಪ್ಪಿಕೊಳ್ಳುತ್ತೇನೆ. ಊರ್ಡಿಗೆರೆ ನನ್ನ ಊರಾದರೂ ಹೈಸ್ಕೂಲು ಓದಿದ್ದು ಕುಣಿಗಲ್ಲಿನ ಸೋದರಮಾವನ ಮನೆಯಲ್ಲಿ. ಅಲ್ಲಿ ಪುಟ್ಟಸ್ವಾಮಯ್ಯ ಮೇಷ್ಟ್ರು ಇದೇ ಪಾಠಕ್ಕೆ ಇದೇ ಎಮ್ಮೆಯನ್ನು ತರುತ್ತಿದ್ದರು. ನಾನು ಮೇಷ್ಟ್ರಾದ ಮೊದಲ ವಾರ, ಅರವತ್ತು ಮಕ್ಕಳ ಎದುರು ಹೆದರಿ ನಿಂತಿದ್ದಾಗ, ಬಾಯಿಗೆ ಬಂದದ್ದು ಅದು. ‘ನಮ್ಮ ಮೇಷ್ಟ್ರ ಮನೆಯಲ್ಲಿ’ ಎಂದೇ ಶುರುಮಾಡಬೇಕಿತ್ತು. ‘ನಮ್ಮನೇಲಿ’ ಎಂದುಬಿಟ್ಟೆ. ಮಕ್ಕಳು ನಕ್ಕರು. ನಕ್ಕ ಮೇಲೆ ಎಮ್ಮೆಯನ್ನು ವಾಪಸು ಹೊಡೆದುಕೊಂಡು ಹೋಗಲು ಮನಸ್ಸು ಬರಲಿಲ್ಲ.

ಆ ಬುಧವಾರ ಸಂಜೆ ತುಮಕೂರಿನಲ್ಲಿ ಬಸ್ಸು ಇಳಿದವನೇ ಬಸ್ ಸ್ಟ್ಯಾಂಡಿನ ಹಿಂದಿನ ಇಂಟರ್‌ನೆಟ್ ಅಂಗಡಿಗೆ ಹೋಗಿ, ಅಕ್ಕಪಕ್ಕ ನೋಡಿ, ಕೆಂಪು ಭಾಗವನ್ನೂ ಲತಾಮಣಿಯ ಪ್ರಶ್ನೆಯನ್ನೂ ಅಳಿಸಿದೆ. ಮಾರನೆಯ ದಿನ ಬೆಳಿಗ್ಗೆ ಲತಾಮಣಿ ಸ್ಟಾಫ್ ರೂಮಿಗೆ ಬಂದು, “ಸಾರ್, ಕರೆಂಟ್ ಹೋಗಿ ನಮ್ಮಪ್ಪಂದು ಅಳ್ಸೋಗಿತ್ತು. ಯೋಚ್ನೆ ಮಾಡ್ಬೇಡಿ, ಹಳೇದು ತೆಗ್ಯೋದು ಅದ್ರಲ್ಲೇ ಐತೆ, ಮತ್ತೆ ಹಾಕಿದೀವಿ” ಎಂದಳು. “ಒಳ್ಳೇ ಕೆಲಸ ಮಾಡ್ದೆ ಕಣಮ್ಮ” ಎಂದೆ. ಆ ಸಂಜೆ ಮತ್ತೆ ಅಳಿಸಿದೆ. ಶುಕ್ರವಾರ ಅವಳು ಸ್ಟಾಫ್ ರೂಮಿನ ಬಾಗಿಲ ತನಕ ಬಂದಳು. ನಮಸ್ಕಾರ ಮಾಡಿ ಹೋದಳು. ಹಾಳೆ ತೆರೆದರೆ ಎಮ್ಮೆ ಮೊದಲಿಗಿಂತ ದಪ್ಪ ಅಕ್ಷರದಲ್ಲಿ ನಿಂತಿತ್ತು, ಪಕ್ಕದಲ್ಲಿ ‘ಅಳಿಸಿದವರು’ ಎಂದು ನನ್ನ ಹೆಸರು ಎರಡು ಸಲ ಇತ್ತು. ತರಬೇತಿಯ ಹುಡುಗ ಹೇಳಿದ ಮಾತು ಆಗ ನೆನಪಾಯಿತು. ಮಕ್ಕಳು ಅದನ್ನು ನೋಡಿದ್ದಾರೆ, ನೋಡಿಯೂ ಸುಮ್ಮನಿದ್ದಾರೆ ಎಂಬುದು ಗೊತ್ತಾದಾಗ ಪಟ್ಟಿಯ ಚಿಂತೆಗಿಂತ ಬೇರೆ ಒಂದು ಚಿಂತೆ ಹತ್ತಿಕೊಂಡಿತು. ಸೋಮವಾರ ಆ ತರಗತಿಗೆ ಯಾವ ಮುಖ ಹೊತ್ತುಕೊಂಡು ಹೋಗಲಿ?

ಶನಿವಾರ ಸಾಹೇಬರು ಬಂದರು. ನನ್ನ ದುರದೃಷ್ಟಕ್ಕೆ ಅವತ್ತು ಕರೆಂಟು ಇತ್ತು. ರುದ್ರಪ್ಪನವರು ಲ್ಯಾಬಿನಲ್ಲಿ ಹತ್ತನೇ ತರಗತಿಯವರ ಎದುರು ಹಾಳೆ ತೆರೆದು, ಇದನ್ನು ಮಕ್ಕಳು, ಮೇಷ್ಟ್ರು ಎಲ್ಲಾ ಸೇರಿ ಬರೆದದ್ದು ಎಂದು ವರ್ಣಿಸಿದರು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತು, ನೀಲಿ ಓದಿದರು, ಹಸಿರು ಓದಿದರು, ‘ಈಗ ನಗಬೇಕು’ ಎಂಬಲ್ಲಿ ಆಜ್ಞೆಯಾದವರಂತೆ ನಕ್ಕರು. ಕೆಂಪು ಓದಿ ನನ್ನ ಕಡೆ ತಿರುಗಿದರು. “ಏನ್ ಮೇಷ್ಟ್ರೇ, ಹುಡುಗಿ ಕೇಳಿರೋದಕ್ಕೆ ಉತ್ತರಾನೇ ಬರ್ದಿಲ್ವಲ್ಲ. ಒಂದೇ ಎಮ್ಮೆನಾ?”

ನಲವತ್ತೆರಡು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಲತಾಮಣಿ ಮಾತ್ರ ನೆಲ ನೋಡುತ್ತಿದ್ದಳು. ನನಗಿಂತ ಅವಳೇ ಹೆಚ್ಚು ಹೆದರಿದ್ದಳು. ಅದನ್ನು ನೋಡಿಯೇ ನನಗೆ ಬಾಯಿ ಬಂತು. “ಒಂದೇ ಸಾರ್. ಪುಟ್ಟಸ್ವಾಮಯ್ಯ ಮೇಷ್ಟ್ರ ಮನೇದು. ನಾನೂ ಅವರ ಶಿಷ್ಯನೇ. ನಮ್ಮನೇಲಿ ಎಮ್ಮೆ ಇರಲೇ ಇಲ್ಲ. ಅಳಿಸಿದ್ದೂ ನಾನೇ” ಎಂದೆ. ರುದ್ರಪ್ಪನವರು ಕಣ್ಣು ಮುಚ್ಚಿಕೊಂಡರು. ಲತಾಮಣಿ ತಲೆಯೆತ್ತಿ ಮೆಲ್ಲಗೆ, “ಹಂಗಾದ್ರೆ ನಿಮ್ಮನೇಲಿ ಏನಿತ್ತು ಸಾರ್?” ಎಂದಳು.

“ಮೇಕೆ” ಎಂದೆ.

“ಅದ್ರ ಕಥೆ ಹೇಳಿ ಸಾರ್” ಎಂದು ಹಿಂದಿನಿಂದ ಯಾರೋ ಅಂದರು. ಬಾಯಿ ತೆರೆದೆ. ಹದಿನೆಂಟು ವರ್ಷದಲ್ಲಿ ಆ ಮೇಕೆಯ ಬಗ್ಗೆ ಒಂದು ಮಾತೂ ಯಾರಿಗೂ ಹೇಳಿದವನಲ್ಲ. ತಡವರಿಸುತ್ತಾ ಹೇಳಿದೆ. ಊರ್ಡಿಗೆರೆಯಲ್ಲಿ ಏಳನೇ ತರಗತಿಯ ಪರೀಕ್ಷೆಯ ಹಿಂದಿನ ದಿನ ಅದು ನನ್ನ ಸಮಾಜದ ನೋಟ್ಸಿನ ಮೊದಲ ಎರಡು ಪಾಠ ತಿಂದದ್ದು, ನಾನು ಅದರ ಬಾಯಿಗೆ ಕೈ ಹಾಕಿ ಎಳೆದಾಗ ಒಂದು ಚೂರು ಮಾತ್ರ ಸಿಕ್ಕಿದ್ದು, ಅಮ್ಮ ನನ್ನನ್ನು ಬಿಟ್ಟು ಮೇಕೆಗೆ ಹೊಟ್ಟೆನೋವು ಬಂದೀತೆಂದು ಓಮದ ನೀರು ಕುಡಿಸಿದ್ದು. ಆ ಎರಡು ಪಾಠ ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ ಎಂದು ಹೇಳಿ, ಮುಂದೇನು ಹೇಳಬೇಕೆಂದು ತಿಳಿಯದೆ ನಿಲ್ಲಿಸಿದೆ. ಕಥೆಗೆ ಕೊನೆಯೇ ಇರಲಿಲ್ಲ. ಒಂದು ಕ್ಷಣ ಯಾರೂ ನಗಲಿಲ್ಲ, ಯಾರ ನೋಟ್ಸಿನಲ್ಲೂ ಸೂಚನೆ ಇರಲಿಲ್ಲವಲ್ಲ. ಆಮೇಲೆ ಲತಾಮಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅವಳ ಹಿಂದೆ ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು.

ನಗು ನಿಲ್ಲುವಷ್ಟರಲ್ಲಿ ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. “ಓಮದ ನೀರಾ ಸಾರ್, ಜೀರಿಗೆ ನೀರಾ?” ಎಂದು ಒಬ್ಬ ಕೇಳಿದ. ಸಾಹೇಬರು ಹೋಗುವಾಗ ನನ್ನ ಭುಜ ತಟ್ಟಿದರು. ರುದ್ರಪ್ಪನವರು ಪಟ್ಟಿಯ ವಿಷಯ ಮುಂದಿನ ವರ್ಷ ನೋಡೋಣ ಎಂದರು. ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ನನ್ನದೇ ಆದ ಒಂದು ಕಥೆಗೆ ಮಕ್ಕಳು ತಾವಾಗಿ ನಕ್ಕಿದ್ದರು. ಇನ್ನು ಮೇಲೆ ಹಳೆಯ ನೋಟ್ಸು ಮುಟ್ಟುವುದಿಲ್ಲ, ದಿನದಿನವೂ ಹೊಸದಾಗಿ ಪಾಠ ಮಾಡುತ್ತೇನೆ ಎಂದು ತೀರ್ಮಾನಿಸಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, ಮರೆತುಹೋಗುವ ಮುಂಚೆ ಮೇಕೆಯ ಕಥೆಯನ್ನು ಒಂದಕ್ಷರ ಬಿಡದೆ ಬರೆದಿಟ್ಟುಕೊಂಡೆ. ಕಥೆ ನಿಂತು ಮಕ್ಕಳು ಇನ್ನೂ ನಗದಿದ್ದ ಜಾಗದಲ್ಲಿ, ಮುಂದಿನ ವರ್ಷ ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕೆಂಬುದನ್ನೂ ಕಂಸದಲ್ಲಿ ಹಾಕಿದೆ.